ಎಂಟನೇ ನಂಬರಿನ ನಾಲ್ಕು ಫೌಲು

ಪೀಪಿ ಮೇಡಂಗೆ ಕೂತು ಉಣ್ಣುವ ಅಭ್ಯಾಸವೇ ಇರಲಿಲ್ಲ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಬಾಸ್ಕೆಟ್‌ಬಾಲ್ ಕಲಿಸಿದವರು ಅವರು. ಒಂದು ಗಂಟೆಗೆ ಊಟದ ಬಿಡುವು, ಒಂದೂವರೆಗೆ ಅಭ್ಯಾಸ. ಆ ಅರ್ಧ ಗಂಟೆಯೊಳಗೆ ಬಾಲುಗಳಿಗೆ ಗಾಳಿ ತುಂಬಬೇಕು, ಕೋರ್ಟಿನ ತಗ್ಗಿನಲ್ಲಿ ನಿಂತ ನೀರು ಗುಡಿಸಬೇಕು, ಹರಿದ ಬಲೆಗೆ ಗಂಟು ಹಾಕಬೇಕು. ಕಂಬಕ್ಕೆ ಒರಗಿ ನಿಂತು, ಡಬ್ಬಿಯನ್ನು ಗಲ್ಲದ ಹತ್ತಿರ ಹಿಡಿದು, ನಾಲ್ಕು ತುತ್ತಿಗೆ ಊಟ ಮುಗಿಸಿ ಪೀಪಿ ಊದುತ್ತಿದ್ದರು. ಹುಡುಗಿಯರು ಆ ಹೆಸರನ್ನು ಬೆನ್ನ ಹಿಂದೆ ಇಟ್ಟಿದ್ದು. ಎರಡೇ ವರ್ಷಕ್ಕೆ ಅದು ಮುಂದೆ ಬಂತು. ನಿವೃತ್ತಿಯಾಗಿ ಆರು ವರ್ಷವಾದರೂ ತರಕಾರಿ ಅಂಗಡಿಯವನು ಕೂಡ ಹಾಗೆಯೇ ಕರೆಯುತ್ತಾನೆ.

ಅಂಥವರಿಗೆ ಒಂದು ದಿನ ಊಟಕ್ಕೇ ಕರೆ ಬಂತು. ಕಾಲೇಜು ತಂಡಗಳ ಕೋಚುಗಳ ಸಂಘದವರು ಈ ವರ್ಷ ಎಂಟು ಮಂದಿ ಹಿರಿಯರನ್ನು ಗೌರವಿಸುತ್ತಾರಂತೆ. ಭಾನುವಾರ ಮಧ್ಯಾಹ್ನ, ಹೋಟೆಲಿನ ಮೊದಲ ಮಹಡಿಯ ಸಭಾಂಗಣ. ಪ್ರತಿಯೊಬ್ಬರೂ ಜೊತೆಗೆ ಒಬ್ಬರನ್ನು ಕರೆತರಬಹುದು. ಮಾತಾಡುವುದಕ್ಕೆ ಎರಡು ನಿಮಿಷ. ಒಬ್ಬೊಬ್ಬರನ್ನೂ ಅವರ ಹಳೆಯ ಆಟಗಾರರೇ ಸಭೆಗೆ ಪರಿಚಯಿಸುತ್ತಾರೆ. ಮೇಡಂ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿದರು, ಮಡಚಿದರು, ತಗೊಂಡು ಹೋಗಿ ಸೂಜಿ ದಾರದ ಡಬ್ಬಿಯ ಕೆಳಗೆ ಇಟ್ಟರು.

ಗಂಡ ನಿವೃತ್ತ ರೈಲು ಚಾಲಕರು. ದೂರದ ಸಿಗ್ನಲ್ ನೋಡಿ ನೋಡಿ ಕಣ್ಣು ಪಳಗಿದವರಿಗೆ ಹೆಂಡತಿಯ ಮುಖದ ಕೆಂಪು ದೀಪ ಕಾಣದೆ ಇರುತ್ತದೆಯೇ?

"ಏನಂತೆ?"

"ಪ್ರಶಸ್ತಿ ಕೊಡ್ತಾರಂತೆ. ಊಟ ಹಾಕಿ."

"ಕೊಡ್ಲಿ ಬಿಡು. ಅದಕ್ಕ್ಯಾಕೆ ಮುಖ ಹೀಗೆ, ಆಟ ಸೋತು ಬಂದವರ ಹಾಗೆ?"

"ನನ್ನ ಪರಿಚಯ ಮಾಡಿಕೊಡೋದು ಏಣಿಯಂತೆ."

"ಒಳ್ಳೇದೇ ಆಯ್ತಲ್ಲ! ನಿನ್ನ ಟೀಮಿನ ಆ ಉದ್ದನೆ ಹುಡುಗಿ. ಎಷ್ಟು ವರ್ಷ ಆಯ್ತು ಅವಳನ್ನ ನೋಡಿ. ನೀನು ಮಗಳನ್ನ ಕರ್ಕೊಂಡು ಹೋಗು. ನಂಗೆ ಎಂಟು ಜನಕ್ಕೆ ಚಪ್ಪಾಳೆ ತಟ್ಟೋಷ್ಟು ಕೈ ಇಲ್ಲ."

ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಅಥವಾ ಮೇಡಂ ಹಾಗೆ ಅಂದುಕೊಂಡಿದ್ದರು. ಮೂವತ್ತೊಂದು ವರ್ಷದ ಹಿಂದೆ ಏಣಿಗೆ ಅವರೊಂದು ಅನ್ಯಾಯ ಮಾಡಿದ್ದರು. ಮಾಡಿದ್ದು ಕೈತಪ್ಪಿನಿಂದ, ಮುಚ್ಚಿಟ್ಟಿದ್ದು ಮಾತ್ರ ತಿಳಿದೂ ತಿಳಿದೂ.

ಆಗ ಮಗಳು ಒಂಬತ್ತು ತಿಂಗಳ ಕೂಸು. ಗಂಡ ವಾರದಲ್ಲಿ ನಾಲ್ಕು ದಿನ ರೈಲಿನ ಮೇಲೆ. ಮಗುವನ್ನು ಬಿಟ್ಟು ಬರಲು ಮನೆಯಲ್ಲಿ ಬೇರೆ ಜೀವವಿಲ್ಲ. ಹಾಗಾಗಿ ಮಗು ಅಮ್ಮನ ಜೊತೆ ಕೋರ್ಟಿಗೆ ಬರುತ್ತಿತ್ತು. ಬಾಲು ತುಂಬುವ ದೊಡ್ಡ ಬುಟ್ಟಿಯಲ್ಲಿ ಹಳೆಯ ಹೊದಿಕೆ ಹಾಸಿದರೆ ಅದೇ ತೊಟ್ಟಿಲು. ಹತ್ತು ಹುಡುಗಿಯರು ಧಡಧಡ ಓಡಿದರೂ ಎಚ್ಚರವಾಗದು, ಆಟ ನಿಂತು ಸದ್ದಡಗಿದರೆ ಮಾತ್ರ ಕಣ್ಣು ಬಿಟ್ಟು ಅಳುವುದು. ಇದು ಪ್ರಿನ್ಸಿಪಾಲರಿಗೆ ಸರಿಬರಲಿಲ್ಲ. ಅಂತರ ಕಾಲೇಜು ಪಂದ್ಯಾವಳಿಯ ಫೈನಲಿಗೆ ವಾರವಿದೆ ಎನ್ನುವಾಗ ಮೇಡಂ ಅವರನ್ನು ಕರೆಸಿ ಹೇಳಿದ್ದರು: "ಸೊಂಟದಲ್ಲಿ ಮಗು, ಕುತ್ತಿಗೇಲಿ ಪೀಪಿ. ಇದೇನು ಕಾಲೇಜೋ ಬಾಣಂತಿ ಕೋಣೆಯೋ? ಫೈನಲ್ ಮುಗೀಲಿ, ಆಮೇಲೆ ನಿಮ್ಮ ವಿಚಾರ ನೋಡೋಣ."

ಬಾಸ್ಕೆಟ್‌ಬಾಲಿನಲ್ಲಿ ಒಬ್ಬ ಆಟಗಾರ್ತಿಗೆ ಐದು ಫೌಲಾದರೆ ಅವಳ ಆಟ ಅಲ್ಲಿಗೆ ಮುಗಿಯಿತು. ಮೇಜಿನ ಹತ್ತಿರ ಕೂತು ಅಂಕ ಬರೆಯುವವನು ಐದನೆಯ ಫೌಲಿಗೆ ಗಂಟೆ ಹೊಡೆಯುತ್ತಾನೆ, ಹುಡುಗಿ ತಲೆ ತಗ್ಗಿಸಿ ಹೊರಗೆ ಬರಬೇಕು. ಆ ಗಂಟೆಯನ್ನು ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. "ನಮ್ಮ ಹುಡುಗೀರನ್ನ ಗಂಟೆ ಹೊಡೆದು ಓಡಿಸೋಕೆ ಅವನ್ಯಾರು?" ಎನ್ನುತ್ತಿದ್ದರು. ಐದಾಯಿತು ಎಂದು ಗೊತ್ತಾದ ಕೂಡಲೇ, ಅವನ ಕೈ ಗಂಟೆಗೆ ಹೋಗುವ ಮೊದಲೇ, ತಾವೇ ಕೂಗಿ ಹುಡುಗಿಯನ್ನು ಕರೆದು, ಬೆನ್ನು ತಟ್ಟಿ ಕೂರಿಸಿಕೊಳ್ಳುವುದು ಅವರ ಪದ್ಧತಿ. ಅದಕ್ಕೆ ಅವರದೇ ಒಂದು ಲೆಕ್ಕದ ಯುಕ್ತಿಯಿತ್ತು. ಎಡ ತೋಳಿಗೆ ಅಗಲವಾದ ಬಟ್ಟೆಯ ಪಟ್ಟಿ, ಅದರ ಮೇಲೆ ಒಂದರ ಕೆಳಗೊಂದು ಹುಡುಗಿಯರ ನಂಬರು. ಯಾರು ಫೌಲು ಮಾಡಿದರೂ ಅವರ ನಂಬರಿನ ಪಕ್ಕ ಒಂದು ಪಿನ್ನು. ಕಣ್ಣು ಆಟದ ಮೇಲಿದ್ದರೂ ಬೆರಳು ಸವರಿದರೆ ಲೆಕ್ಕ ಸಿಗುತ್ತಿತ್ತು. ಏಳನೆಯ ನಂಬರು ಗುಂಡಿ ಎಂಬ ಗಿಡ್ಡ ಹುಡುಗಿ. ಎಂಟು, ಏಣಿ. ತಂಡದಲ್ಲಿ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಮುಂಗೋಪಿ.

ಫೈನಲ್ ದಿನ ಮಗುವಿಗೆ ಹಲ್ಲು ಬರುವ ಜ್ವರ. ಬುಟ್ಟಿಯಲ್ಲಿ ಮಲಗಲೊಲ್ಲದು. ಸೊಂಟದ ಮೇಲೆ ಕೂತು, ಹೊಳೆಯುವ ಪಿನ್ನೊಂದನ್ನು ಎಳೆದು ಬಿಚ್ಚಿ ಬಾಯಿಗೆ ಒಯ್ದೇಬಿಟ್ಟಿತು. ಮೇಡಂ ಮುಷ್ಟಿ ಬಿಡಿಸಿ ಪಿನ್ನು ಕಿತ್ತುಕೊಂಡು, ಬಾಯೊಳಗೆ ಬೆರಳು ಹಾಕಿ ನೋಡಿ, ಏನೂ ಆಗಿಲ್ಲವೆಂದು ಉಸಿರು ಬಿಟ್ಟು, ಪಿನ್ನನ್ನು ಪಟ್ಟಿಗೆ ವಾಪಸು ಚುಚ್ಚಿದರು. ಅದು ಗುಂಡಿಯ ಪಿನ್ನು. ಚುಚ್ಚಿದ್ದು ಒಂದು ಸಾಲು ಕೆಳಗೆ, ಏಣಿಯ ಪಕ್ಕ.

ಎರಡು ನಿಮಿಷ ಬಾಕಿ ಇರುವಾಗ ಏಣಿ ಒಂದು ಫೌಲು ಮಾಡಿದಳು. ಮೇಡಂ ಇನ್ನೊಂದು ಪಿನ್ನು ಚುಚ್ಚಿ ಸವರಿದರು: ಐದು. "ಏಣೀ! ಐದಾಯ್ತು, ಬಾರೇ!" ಎಂದು ಕೂಗಿ ಬದಲಿ ಹುಡುಗಿಯನ್ನು ಒಳಗೆ ಕಳಿಸಿದರು. ಆ ಗದ್ದಲದಲ್ಲಿ ಗಂಟೆ ಯಾಕೆ ಹೊಡೆಯಲಿಲ್ಲ ಎಂದು ಯಾರೂ ಕೇಳಲಿಲ್ಲ. ಒಂದು ಅಂಕದಿಂದ ಮುಂದಿದ್ದವರು ಒಂದು ಅಂಕದಿಂದ ಸೋತರು. ಏಣಿ ಬೆಂಚಿನ ಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

ಆಟ ಮುಗಿದ ಮೇಲೆ ಸ್ಕೋರ್ ಶೀಟಿಗೆ ಎರಡೂ ಕೋಚುಗಳು ಸಹಿ ಹಾಕಬೇಕು. ಮೇಡಂ ಪೆನ್ನು ಹಿಡಿದು ಬಗ್ಗಿದಾಗ ಎಂಟನೆಯ ನಂಬರಿನ ಮುಂದೆ ನಾಲ್ಕೇ ಗೀಟು ಕಂಡವು. ಹಿಂದಿನಿಂದ ಪ್ರಿನ್ಸಿಪಾಲರ ದನಿ: "ಆ ಎತ್ತರದ ಹುಡುಗೀನ ಯಾಕೆ ಕರೆದ್ರಿ?"

"ಐದು ಫೌಲ್ ಆಗಿತ್ತು ಸಾರ್," ಎಂದರು ಮೇಡಂ. ಸಹಿ ಹಾಕಿದರು. ಕೆಲಸ ಉಳಿಯಿತು.

ಅದಾದ ಮೇಲೆ ಇಪ್ಪತ್ತೈದು ವರ್ಷ ಆಟ ಕಲಿಸಿದರು. ಕಪ್ಪುಗಳೂ ಬಂದವು. ಪಟ್ಟಿಯನ್ನು ಮರುದಿನವೇ ಬಿಸಾಕಿ ನೋಟ್‌ಬುಕ್ಕು ಹಿಡಿದರು. ಏಣಿಗೆ ಹೇಳಬೇಕೆಂದು ಮೊದಲ ವರ್ಷ ದಿನಾ ಅನಿಸಿತು, ಆಮೇಲೆ ವಾರಕ್ಕೊಮ್ಮೆ. ಆಮೇಲೆ ಅವಳು ಊರು ಬಿಟ್ಟಳು. ಈಗ ಐವತ್ತೊಂದರ ಹೆಂಗಸು, ಯಾವುದೋ ಶಾಲೆಯ ಹೆಡ್ಮಿಸ್ ಎಂದು ಮಾತ್ರ ಗೊತ್ತಿತ್ತು. ಪತ್ರ ಬಂದ ದಿನವೇ ಮೇಡಂ ತೀರ್ಮಾನಿಸಿದರು: ಪರಿಚಯದ ಮಾತಿಗೆ ಮೊದಲು ಅವಳನ್ನು ಪಕ್ಕಕ್ಕೆ ಕರೆದು ಹೇಳಿಬಿಡಬೇಕು. ನಿಜ ಗೊತ್ತಾದ ಮೇಲೂ ಹೊಗಳುವುದಾದರೆ ಹೊಗಳಲಿ.

ಭಾನುವಾರ ಹನ್ನೆರಡೂವರೆಗೆ ಮಗಳು ಆರು ತಿಂಗಳ ಕೂಸನ್ನು ಎದೆಗೆ ಕಟ್ಟಿಕೊಂಡು, ಹೆಗಲಿಗೊಂದು ಚೀಲ, ಕೈಗೊಂದು ಚೀಲ ನೇತುಹಾಕಿಕೊಂಡು ಅಮ್ಮನ ಹಿಂದೆ ಮೆಟ್ಟಿಲು ಹತ್ತಿದಳು. ಇನ್ನು ಹತ್ತು ದಿನಕ್ಕೆ ಅವಳ ಹೆರಿಗೆ ರಜೆ ಮುಗಿಯುತ್ತದೆ.

"ಅಮ್ಮಾ, ಇವನು ಭಾಷಣದ ಮಧ್ಯ ಅತ್ರೆ?"

"ಅಳ್ಲಿ. ಅಲ್ಲಿರೋರಿಗೆಲ್ಲ ಅರ್ಧ ಕಿವಿ."

ಸಭಾಂಗಣದಲ್ಲಿ ದುಂಡು ಮೇಜುಗಳು, ಬಿಳಿ ಬಟ್ಟೆ, ನಡುವೆ ಒಂದೊಂದು ಹೂದಾನಿ. ಎಂಟು ಕೋಚುಗಳ ಹದಿನಾರು ಮಂಡಿಗಳಲ್ಲಿ ನೆಟ್ಟಗೆ ಮಡಚುವಂಥವು ಆರೋ ಏಳೋ ಇದ್ದವು. ಆದರೂ ಒಬ್ಬರೂ ಕೂತಲ್ಲಿ ಕೂರರು. ಒಬ್ಬರು ಬಡಿಸುವವನಿಗೆ "ನೋಡಿ ಪಾಸ್ ಕೊಡಪ್ಪ, ನೋಡಿ!" ಎಂದು ಸೂಪಿನ ಬಟ್ಟಲು ಹಿಡಿಯಲು ಕಲಿಸುತ್ತಿದ್ದರು. ಇನ್ನೊಬ್ಬರು ಫ್ಯಾನಿನ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಸಂಘದ ಕಾರ್ಯದರ್ಶಿ ಹಳೆಯ ರೆಫರಿ. ಕೈಯಲ್ಲಿ ಸ್ಟಾಪ್‌ವಾಚು, ಮೈಕಿನ ಪಕ್ಕ ಒಂದು ಹಿತ್ತಾಳೆ ಗಂಟೆ. "ಎರಡು ನಿಮಿಷ ಅಂದ್ರೆ ಎರಡೇ ನಿಮಿಷ. ನಿಮ್ಮನ್ನೆಲ್ಲ ನಾನು ಬಲ್ಲೆ," ಎಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟಾಗಿತ್ತು.

ಮೇಡಂ ಪಕ್ಕದ ಕುರ್ಚಿ ಮೀಸೆ ಮಾಸ್ತರರದು. ಆ ಫೈನಲ್ ಗೆದ್ದ ಕಾಲೇಜಿನ ಕೋಚು. ಮೀಸೆ ಈಗ ಬೆಳ್ಳಗಾಗಿದೆ, ಬಾಯಿ ಮಾತ್ರ ಹಾಗೇ ಇದೆ.

"ಏನಮ್ಮಾ ಪೀಪಿ, ಇನ್ನೂ ಇದೀಯಾ?"

"ನಿಮ್ಮನ್ನ ಕಳಿಸಿಕೊಟ್ಟು ಹೋಗೋಣ ಅಂತ ಕಾಯ್ತಾ ಇದೀನಿ ಮೀಸೆಯವರೇ."

ಸೂಪು ಬಂತು, ಬ್ರೆಡ್ಡು ಬಂತು, ಏಣಿ ಬರಲಿಲ್ಲ. ಮೇಡಂ ಕಣ್ಣು ಬಾಗಿಲ ಮೇಲೇ. ಮಗಳು ಕೂಸಿನ ಬಟ್ಟೆ ಬದಲಿಸಲು ಎದ್ದುಹೋದಳು. ಮಾಸ್ತರರು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಚಮಚಗಳನ್ನೆಲ್ಲ ಸೇರಿಸಿ ಹಳೆಯ ಫೈನಲನ್ನು ಮೇಜಿನ ಮೇಲೆ ಆಡಿಸತೊಡಗಿದರು. "ಇದು ನಿನ್ನ ಏಣಿ. ಮೆಣಸು. ಇದು ಇಲ್ಲಿ ನಿಂತಿರೋ ತನಕ ನಮ್ಮ ಹುಡುಗೀರು ಬಲೆ ಹತ್ರ ಸುಳೀಲಿಲ್ಲ. ಮೆಣಸು ಎದ್ದು ಹೋಯ್ತು ನೋಡು..." ಡಬ್ಬಿಯನ್ನು ಎತ್ತಿ ಹೂದಾನಿಯ ಹಿಂದೆ ಇಟ್ಟರು.

ಮೇಡಂ ದನಿ ತಗ್ಗಿಸಿದರು. "ಶೀಟಿಗೆ ನೀವೂ ಸೈನ್ ಹಾಕಿದ್ರಿ."

ಮಾಸ್ತರರ ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. "ಹಾಕಿದ್ದೆ."

"ಎಂಟನೇ ನಂಬರು ನೋಡಿದ್ರಾ?"

"ನೋಡಿದ್ದೆ." ಚಮಚವೊಂದನ್ನು ನೆಟ್ಟಗೆ ಇಡುತ್ತಾ ಅಂದರು: "ನಾನು ಗೆದ್ದೋನು ಕಣಮ್ಮ. ಗೆದ್ದೋನು ಯಾಕೆ ಬಾಯಿ ಬಿಡ್ತಾನೆ? ನೀನೇ ಸುಮ್ಮನಿದ್ದೆ, ನಂಗೇನು ಬಂತು ಅಂದ್ಕೊಂಡೆ."

"ಇವತ್ತು ಅವಳಿಗೆ ಹೇಳ್ತೀನಿ."

"ಬಿಡೇ ಮಾರಾಯ್ತಿ. ಸತ್ತ ಮ್ಯಾಚಿಗೆ ಈಗ ಯಾಕೆ ಔಷಧಿ? ಅವಳೂ ಮರ್ತಿರ್ತಾಳೆ. ಬಿಸಿ ಆರೋದ್ರೊಳಗೆ ಊಟ ಮಾಡು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಈಗಲೂ ಚೌಕಟ್ಟಿಗೆ ತಲೆ ತಗಲುತ್ತದೇನೋ ಎನ್ನುವ ಎತ್ತರ, ಬಾಚಿ ಕಟ್ಟಿದ ನರೆಗೂದಲು. ಏಣಿ ದಾಪುಗಾಲು ಹಾಕಿಕೊಂಡು ಬಂದು, ಬಗ್ಗಿ, ಮೇಡಂ ಅವರನ್ನು ಎರಡೂ ತೋಳಲ್ಲಿ ತಬ್ಬಿದಳು.

"ಮೇಡಂ! ಬಸ್ಸು ಕೆಟ್ಟು ನಿಂತಿತ್ತು. ಎಷ್ಟು ಸಣ್ಣ ಆಗಿಬಿಟ್ಟಿದೀರಿ!"

"ನೀನು ಉದ್ದ ಆಗೋದು ಇನ್ನೂ ನಿಂತಿಲ್ವೇನೇ? ಒಂದು ನಿಮಿಷ ಹೊರಗೆ ಬಾ. ನಿನ್ನ ಹತ್ರ ಒಂದು ಮಾತಿದೆ."

"ಆಮೇಲೆ ಮೇಡಂ, ಪೂರ್ತಿ ಕೂತು ಮಾತಾಡೋಣ."

"ಆಮೇಲಲ್ಲ, ಈಗ." ಮೇಡಂ ಅವಳ ಮಣಿಕಟ್ಟು ಹಿಡಿದರು. ಆದರೆ ಕಾರ್ಯದರ್ಶಿ ಆಗಲೇ ಮೈಕಿನಲ್ಲಿ ಕೂಗುತ್ತಿದ್ದರು: "ಬಂದ್ರಾ? ಬನ್ನಿ ಬನ್ನಿ, ನಿಮ್ಮಿಂದ ಎಲ್ಲ ತಡ ಆಗಿದೆ, ಗಡಿಯಾರ ಶುರು!" ಏಣಿ ನಗುತ್ತಾ ಕೈ ಬಿಡಿಸಿಕೊಂಡು ಹೋದಳು.

ಮೈಕನ್ನು ತನ್ನ ಎತ್ತರಕ್ಕೆ ಏರಿಸಿಕೊಂಡು ಮಾತು ಶುರುಮಾಡಿದಳು. "ನನ್ನ ಶಾಲೆಯಲ್ಲಿ ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಒಂದು ಕಥೆ ಹೇಳ್ತೀನಿ. ಹದಿನೆಂಟು ವರ್ಷದಿಂದ ಹೇಳ್ತಾ ಇದೀನಿ. ಒಬ್ಬಳು ಹುಡುಗಿ ಇದ್ಲು, ಮೂಗಿನ ತುದೀಲೇ ಕೋಪ. ಫೈನಲ್ ಮ್ಯಾಚು, ಎರಡು ನಿಮಿಷ ಇತ್ತು. ಅವಳು ಕೋಪ ಮಾಡ್ಕೊಂಡು ಐದನೇ ಫೌಲ್ ಮಾಡಿದ್ಲು, ಹೊರಗೆ ಬಂದ್ಲು, ತಂಡ ಸೋತುಹೋಯ್ತು. ಆ ಹುಡುಗಿ ನಾನೇ. ಅವತ್ತು ಇಡೀ ಕಾಲೇಜು ನನ್ನನ್ನ ಬೈತು. ನಮ್ಮ ಮೇಡಂ ಮಾತ್ರ ಒಂದೇ ಒಂದು ಮಾತು ಅನ್ನಲಿಲ್ಲ. ಆಮೇಲೆ ವಿಶ್ವವಿದ್ಯಾಲಯದ ತಂಡಕ್ಕೆ ಮೂರು ವರ್ಷ ಆಡಿದೆ, ಒಂದು ಸಲಾನೂ ಐದು ಫೌಲ್ ಆಗಲಿಲ್ಲ. ಕೈ ಮಡಚಿಕೊಂಡು ಆಡೋದು ಕಲಿತೆ. ಬೈಯದೆ ತಿದ್ದೋದು ಅಂದ್ರೆ ಏನು ಅಂತ ಇವರಿಂದ ಕಲಿತೆ."

ಚಪ್ಪಾಳೆ ಜೋರಾಗಿ ಬಿತ್ತು. ಮೇಡಂ ಕಿವಿಗೆ ಬಿದ್ದಿದ್ದು ಒಂದೇ: ಕೈ ಮಡಚಿಕೊಂಡು. ಬಾಲು ಬಂದರೆ ಗುಡುಗಿನ ಹಾಗೆ ಮೇಲೆದ್ದು ಎರಡೂ ಕೈಲಿ ಕಿತ್ತುಕೊಳ್ಳುತ್ತಿದ್ದ ಹುಡುಗಿ ಮೂರು ವರ್ಷ ಕೈ ಮಡಚಿಕೊಂಡು ಆಡಿದ್ದಾಳೆ.

ಗಾಜಿನ ಫಲಕ ಕೈಗೆ ಬಂತು, ಫೋಟೋ ಆಯಿತು. ಕಾರ್ಯದರ್ಶಿ ಸ್ಟಾಪ್‌ವಾಚು ಒತ್ತಿದರು. ಮೀಸೆ ಮಾಸ್ತರರು ದೂರದಿಂದಲೇ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು. ಈಗ ನಾಲ್ಕು ಒಳ್ಳೆಯ ಮಾತಾಡಿ ಕೆಳಗಿಳಿದರೆ ಇದು ಇಲ್ಲಿಗೆ ಮುಗಿಯುತ್ತದೆ ಎಂದು ಮೇಡಂಗೆ ಗೊತ್ತಿತ್ತು. ಮುಂದಿನ ವರ್ಷ ಹೊಸ ಮಕ್ಕಳಿಗೆ ಏಣಿ ಅದೇ ಕಥೆ ಹೇಳುತ್ತಾಳೆ, ಅಷ್ಟೇ.

"ಇವಳು ಹೇಳಿದ್ದರಲ್ಲಿ ಒಂದು ತಪ್ಪಿದೆ," ಎಂದರು. "ಅವತ್ತು ಇವಳಿಗೆ ಆಗಿದ್ದು ನಾಲ್ಕೇ ಫೌಲು."

ಮೇಡಂ ತಮ್ಮ ಎಡ ತೋಳನ್ನು ಮುಟ್ಟಿ ತೋರಿಸಿದರು.

"ನಾನು ತೋಳಿನ ಪಟ್ಟಿಗೆ ಪಿನ್ನು ಚುಚ್ಚಿ ಲೆಕ್ಕ ಇಡ್ತಿದ್ದೆ. ಏಳನೇ ನಂಬರಿನ ಪಿನ್ನು ಎಂಟಕ್ಕೆ ಚುಚ್ಚಿಬಿಟ್ಟಿದ್ದೆ. ಐದು ಅಂತ ನಾನೇ ಕೂಗಿ ಇವಳನ್ನ ಹೊರಗೆ ಕರೆದೆ. ಆಟ ಮುಗಿದ ಹತ್ತು ನಿಮಿಷಕ್ಕೆ ನಂಗೆ ಗೊತ್ತಾಯ್ತು. ಹೇಳಲಿಲ್ಲ. ಹೇಳಿದ್ರೆ ಕೆಲಸ ಹೋಗ್ತಿತ್ತು. ಪ್ರಿನ್ಸಿಪಾಲರು ಕೇಳಿದಾಗ ಸುಳ್ಳು ಹೇಳ್ದೆ. ನಾನು ಇವಳನ್ನ ಬೈಯದೇ ಇದ್ದಿದ್ದು ದೊಡ್ಡ ಮನಸ್ಸಿನಿಂದ ಅಲ್ಲ, ಬೈಯೋಕೆ ನಂಗೆ ಬಾಯಿರಲಿಲ್ಲ. ಮೊದಲೇ ಇವಳೊಬ್ಬಳಿಗೇ ಹೇಳೋಣ ಅಂತಿದ್ದೆ, ಬಸ್ಸು ಕೆಟ್ಟುಹೋಯ್ತು. ತಪ್ಪಾಯ್ತು ಕಣೇ."

ಠಣ್ ಎಂದು ಗಂಟೆ ಹೊಡೆಯಿತು. ಕಾರ್ಯದರ್ಶಿಯ ಕೈಗೆ ನಲವತ್ತು ವರ್ಷದ ರೂಢಿ. ಹೊಡೆದ ಮೇಲೆ ತಾವೇ ನಾಚಿಕೊಂಡರು. "ಸರಿಯಾಗೇ ಹೊಡೆದ್ರಿ," ಎಂದು ಮೇಡಂ ಕೆಳಗಿಳಿದರು.

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಏಣಿ ಯಾರನ್ನೂ ನೋಡದೆ ಬಾಗಿಲು ದಾಟಿ ಹೊರಗೆ ಹೋದಳು.

ಮೇಜಿನಲ್ಲಿ ಮಗಳು ಕೂಸನ್ನು ಭುಜಕ್ಕೆ ಹಾಕಿಕೊಂಡು ಅಮ್ಮನನ್ನೇ ನೋಡುತ್ತಿದ್ದಳು. "ಅಮ್ಮಾ, ಆ ಪಿನ್ನು ಪಟ್ಟಿಯಿಂದ ಹೇಗೆ ಬಿಚ್ಕೊಂತು?"

"ಬಿಚ್ಕೊಂತು. ಅನ್ನ ತಿನ್ನು."

ಮಗಳು ತಿನ್ನಲಿಲ್ಲ. ಅವಳಿಗೆ ಲೆಕ್ಕ ಬರುತ್ತದೆ. ಮೂವತ್ತೊಂದು ವರ್ಷದ ಹಿಂದೆ ತಾನೆಷ್ಟು ದೊಡ್ಡವಳಿದ್ದೆ ಎಂದು ಅವಳು ಎಣಿಸಿ ಆಗಿತ್ತು. ಮೀಸೆ ಮಾಸ್ತರರು ಹೂದಾನಿಯ ಹಿಂದಿನಿಂದ ಮೆಣಸಿನ ಡಬ್ಬಿ ತೆಗೆದು ಅದರ ಜಾಗದಲ್ಲಿ ಇಟ್ಟರು. ಅವರ ಸರದಿ ಬಂದಾಗ ಎದ್ದುಹೋಗಿ, "ಆ ಶೀಟಿಗೆ ನಾನೂ ಸಹಿ ಹಾಕಿದ್ದೆ, ನಾನೂ ನೋಡಿದ್ದೆ," ಎಂದು ಒಂದೇ ವಾಕ್ಯ ಹೇಳಿ, ಒಂದು ನಿಮಿಷ ನಲವತ್ತೈದು ಸೆಕೆಂಡು ಉಳಿಸಿ ಬಂದು ಕೂತರು.

ಐಸ್‌ಕ್ರೀಮ್ ಬಡಿಸುವ ಹೊತ್ತಿಗೆ ಏಣಿ ಒಳಗೆ ಬಂದಳು. ಮುಖ ತೊಳೆದುಕೊಂಡಿದ್ದಳು, ಮುಂಗೂದಲು ಒದ್ದೆಯಾಗಿತ್ತು. ಕುರ್ಚಿ ಎಳೆದು ಮೇಡಂ ಎದುರಿಗೇ ಕೂತಳು. ಹೆಡ್ಮಿಸ್ ದನಿಯಲ್ಲಿ ಕೇಳಿದಳು:

"ಏಳನೇ ನಂಬರು ಗುಂಡಿ ಅಲ್ವಾ?"

"ಹೌದು."

"ಅವಳ ಫೌಲನ್ನ ಮೂವತ್ತೊಂದು ವರ್ಷ ನಾನು ಹೊತ್ಕೊಂಡು ತಿರುಗಿದೀನಿ. ಅವಳು ಮಾತ್ರ ಮಕ್ಕಳ ಮದುವೆ ಮಾಡಿ ಹಾಯಾಗಿದಾಳೆ."

"ಅವಳಿಗೇನೂ ಗೊತ್ತಿಲ್ಲ, ಪಾಪ."

"ಅವತ್ತು ಪಾಪು ನಿಮ್ಮ ಸೊಂಟದ ಮೇಲಿತ್ತು. ನಂಗೆ ನೆನಪಿದೆ. ಪಿನ್ನು ಕಿತ್ತಿದ್ದು ಅದೇ ತಾನೇ?"

ಮೇಡಂ ಮಗಳ ಕಡೆ ತಿರುಗಲಿಲ್ಲ. "ಮಗು ಸಿಕ್ಕಿದ್ದನ್ನ ಎಳೆಯೋದೇ. ತಪ್ಪು ಜಾಗಕ್ಕೆ ಚುಚ್ಚಿದ್ದು ನನ್ನ ಕೈ. ಸುಳ್ಳು ಹೇಳಿದ್ದು ನನ್ನ ಬಾಯಿ. ಅದಕ್ಕೂ ಮಗುವಿಗೂ ಸಂಬಂಧ ಇಲ್ಲ."

ಏಣಿ ಮೇಜಿನ ಬಟ್ಟೆಯ ಅಂಚನ್ನು ಮಡಚಿ ಬಿಡಿಸಿದಳು. "ಒಂದು ಹೇಳಿ ಮೇಡಂ. ಕೋಚ್ ಆಗಿ ಹೇಳಿ, ಸಮಾಧಾನಕ್ಕೆ ಬೇಡ. ಆ ಎರಡು ನಿಮಿಷ ನಾನು ಒಳಗೆ ಇದ್ದಿದ್ರೆ ಗೆಲ್ತಿದ್ವಾ?"

ಮೇಡಂ ಕಣ್ಣು ಮುಚ್ಚಿ ಆ ಕೋರ್ಟನ್ನು ಒಂದು ಸಲ ನೋಡಿ ಬಂದರು. "ಗೊತ್ತಿಲ್ಲ ಕಣೇ. ಬಲೆ ಹತ್ರ ಅವರನ್ನ ಬಿಡ್ತಿರಲಿಲ್ಲ, ಅದು ನಿಜ. ಆದ್ರೆ ಅವತ್ತು ನೀನು ಫ್ರೀ ಥ್ರೋ ಆರು ಎಸೆದು ಆರೂ ಹೊರಗೆ ಹಾಕಿದ್ದೆ."

ಏಣಿಗೆ ನಗು ಬಂದುಬಿಟ್ಟಿತು. ತಡೆಯಲು ನೋಡಿದಳು, ಆಗಲಿಲ್ಲ. "ಏಳು," ಎಂದಳು. "ಏಳು ಎಸೆದಿದ್ದೆ."

"ನಂಗೆ ಕೋಪ ಇದೆ ಮೇಡಂ," ಎಂದಳು ನಗು ಇಳಿದ ಮೇಲೆ. "ಕೆಲಸ ಹೋಗ್ತಿತ್ತು ಅನ್ನೋದು ಅರ್ಥ ಆಗತ್ತೆ. ಕೈಗೂಸಿನ ತಾಯಿ. ಆದ್ರೆ ಆಮೇಲೆ? ನಾನು ಯೂನಿವರ್ಸಿಟಿಗೆ ಆಡ್ತಿದ್ದಾಗ ಒಂದು ಕಾಗದ ಬರೆದಿದ್ರೆ ಸಾಕಿತ್ತು."

"ಸಾಕಿತ್ತು," ಎಂದರು ಮೇಡಂ.

ಬಡಿಸುವವನು ಬಂದು ಏಣಿಯ ಮುಂದೆ ತಟ್ಟೆ ಇಟ್ಟ. ಅನ್ನ, ತರಕಾರಿ ಎಲ್ಲ ತಣ್ಣಗಾಗಿದ್ದವು. ಅವಳು ಹಸಿದಿದ್ದಳು, ಬಾಯಿ ತುಂಬಿಕೊಂಡೇ ತಿಂದಳು. ಅರ್ಧ ತಟ್ಟೆ ಮುಗಿದ ಮೇಲೆ ಮಗಳತ್ತ ಕೈ ಚಾಚಿ, "ಕೊಡಮ್ಮ ಅವನನ್ನ ಇಲ್ಲಿ, ನೀನೂ ಎರಡು ತುತ್ತು ತಿನ್ನು," ಎಂದು ಕೂಸನ್ನು ಎತ್ತಿಕೊಂಡು ಎಡ ತೋಳಿನಲ್ಲಿ ಒರಗಿಸಿಕೊಂಡಳು. ಬಲಗೈ ಊಟ ಬಿಡಲಿಲ್ಲ.

"ನಾಳೆ, ಸೋಮವಾರ ಬೆಳಗ್ಗೆ ಎಂಟೂಕಾಲಿಗೆ ನನ್ನ ಶಾಲೇಲಿ ಎಲ್ಲ ಮಕ್ಕಳೂ ಅಂಗಳದಲ್ಲಿ ಸೇರ್ತಾರೆ," ಎಂದಳು, ಮೇಡಂ ಕಡೆ ನೋಡದೆ. "ಹದಿನೆಂಟು ವರ್ಷ ತಪ್ಪು ಕಥೆ ಹೇಳಿದೀನಿ. ನಾನೇ ಯಾಕೆ ತಿದ್ದಲಿ? ನೀವೇ ಬಂದು ತಿದ್ದಿ."

"ಎಷ್ಟು ಜನ ಇರ್ತಾರೆ?"

"ಆರುನೂರು. ಪ್ರಶ್ನೆ ಕೇಳ್ತಾರೆ, ಬಿಡಲ್ಲ. ಯಾಕೆ ಸುಳ್ಳು ಹೇಳಿದ್ರಿ ಅಂತ ಮೊದಲನೇದೇ ಕೇಳ್ತಾರೆ."

"ಕೇಳ್ಲಿ."

"ಅಷ್ಟೊತ್ತಿಗೆ ನನ್ನ ಕೋಪ ಹೋಗಿರಲ್ಲ. ಹೇಳಿರ್ತೀನಿ."

"ಇರ್ಲಿ. ಯಾವ ಬಸ್ಸು ಹತ್ತಬೇಕು, ಅದು ಹೇಳು."

ಏಣಿ ಹೇಳಿದಳು. ಮಗಳು ಚೀಲದಿಂದ ಪೆನ್ನು ತೆಗೆದು, ಕೂಸಿಗೆ ಹಾಲು ಕುಡಿಸುವ ಹೊತ್ತು ಬರೆದಿಡುತ್ತಿದ್ದ ಪುಟ್ಟ ಪುಸ್ತಕದಲ್ಲೇ ಬಸ್ಸಿನ ನಂಬರು ಬರೆದುಕೊಂಡಳು. ಇಳಿಯುವ ಸ್ಟಾಪಿನ ಹೆಸರು ಬರೆದು, ಕೆಳಗೆ ಒಂದು ಗೆರೆ ಎಳೆದು, "ನಾನೂ ಬರ್ತೀನಿ ಅಮ್ಮ," ಎಂದಳು.